ಮಲಬದ್ಧತೆಯೂ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್ಸುಗಳೂ

ಮಲಬದ್ಧತೆಯ ವಿಷಯವನ್ನು ನಾಲ್ಕು ಜನರ ಮುಂದೆ ಎತ್ತುವುದು ಸಭ್ಯತೆಯಲ್ಲವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ವೈದ್ಯರ ಎದುರಿನಲ್ಲಿಯೂ ಉಳಿದ ಕಾಯಿಲೆಗಳನ್ನೆಲ್ಲ ಹೇಳಿ ಮುಗಿಸಿ, ಹೊರಡುವಾಗ ಬಾಗಿಲ ಬಳಿ ನಿಂತು ಇದನ್ನು ಮೆಲ್ಲನೆ ಹೇಳುವವರುಂಟು. ಬಾಯಿಬಿಟ್ಟು ಹೇಳಲಾಗದ ಕಷ್ಟಕ್ಕೆ ಅಂಗಡಿಗಳಲ್ಲಿ ಬಗೆಬಗೆಯ ಮದ್ದುಗಳು ಹುಟ್ಟಿಕೊಳ್ಳುವುದು ಸಹಜವೇ. ಚೂರ್ಣ, ಲೇಹ್ಯ, ಗುಳಿಗೆ, ತೈಲ ಎಂದು ಬೆಳೆದಿರುವ ಈ ಸಾಲಿಗೆ ಈಚೆಗೆ ಒಂದು ವಿಚಿತ್ರವಾದ ಹೆಸರು ಸೇರಿಕೊಂಡಿದೆ. ಬ್ಯಾಕ್ಟೀರಿಯಾಗಳನ್ನು ಹುಡುಕಿ ಕೊಲ್ಲುವ ವೈರಸ್ಸುಗಳನ್ನು ನುಂಗಿದರೆ ಕರುಳು ಸರಿಹೋಗುವುದೆಂದು ಕೆಲವರು ಹೇಳುತ್ತಾರೆ. ಪರದೇಶಗಳಲ್ಲಿ ಅಂಥ ಗುಳಿಗೆಗಳು ಜೀರ್ಣಕ್ಕೆ ಸಹಾಯಕವೆಂಬ ಹೆಸರಿನಿಂದ ಮಾರಾಟವೂ ಆಗುತ್ತಿವೆ. ಈ ಮಾತಿನಲ್ಲಿ ನಿಜವೆಷ್ಟು, ನಮ್ಮ ನಾಡಿನಲ್ಲಿ ಅದನ್ನು ಪರೀಕ್ಷಿಸುವುದಾದರೆ ಹೇಗೆ ಪರೀಕ್ಷಿಸತಕ್ಕದ್ದು, ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಮೊದಲು ಈ ವೈರಸ್ಸುಗಳ ಪರಿಚಯ ಆವಶ್ಯಕ. ವೈರಸ್ಸೆಂದೊಡನೆ ನಮಗೆ ಸಿಡುಬು, ಇನ್‌ಫ್ಲುಯೆನ್ಜ, ಕೋವಿಡ್ ಮೊದಲಾದ ಮನುಷ್ಯರ ರೋಗಗಳು ನೆನಪಿಗೆ ಬರುತ್ತವೆ. ಆದರೆ ಮನುಷ್ಯನನ್ನು ಮುಟ್ಟದೆ ಬ್ಯಾಕ್ಟೀರಿಯಾಗಳನ್ನು ಮಾತ್ರ ಹಿಡಿಯುವ ವೈರಸ್ಸುಗಳೂ ಉಂಟು. ಇವುಗಳಿಗೆ ಬ್ಯಾಕ್ಟೀರಿಯೊಫೇಜ್, ಎಂದರೆ ಬ್ಯಾಕ್ಟೀರಿಯಾವನ್ನು ತಿನ್ನುವುದು, ಎಂದು ಹೆಸರು. ಚಿಕ್ಕದಾಗಿ ಫೇಜ್ ಎನ್ನುತ್ತಾರೆ. ಇವುಗಳಲ್ಲಿ ಟಿ-4 ಎಂಬ ಪ್ರಸಿದ್ಧವಾದ ಜಾತಿಯ ಉದ್ದ ಒಂದು ಮಿಲಿಮೀಟರಿನ ಸುಮಾರು 5,000ದಲ್ಲಿ ಒಂದು ಪಾಲು. ಅದು ತನ್ನ ಬಾಲದ ಎಳೆಗಳಿಂದ ಬ್ಯಾಕ್ಟೀರಿಯಾದ ಮೈಯನ್ನು ಹಿಡಿದು, ತನ್ನ ವಂಶದ್ರವ್ಯವನ್ನು ಒಳಕ್ಕೆ ಇಳಿಸುತ್ತದೆ. ಅಲ್ಲಿಂದ ಮುಂದೆ ಬ್ಯಾಕ್ಟೀರಿಯಾ ತನ್ನ ಕೆಲಸವನ್ನು ಬಿಟ್ಟು ಫೇಜುಗಳನ್ನು ತಯಾರಿಸಲು ತೊಡಗುತ್ತದೆ. ಸುಮಾರು ಅರ್ಧ ಗಂಟೆಯೊಳಗೆ ಅದರ ಗೋಡೆ ಒಡೆದು ನೂರಕ್ಕೂ ಮೇಲ್ಪಟ್ಟ ಹೊಸ ಫೇಜುಗಳು ಹೊರಬೀಳುತ್ತವೆ.

ಫೇಜಿನ ವಿಶೇಷಗುಣವೆಂದರೆ ಅದರ ಆಯ್ಕೆ. ಬೀಗಕ್ಕೆ ತಕ್ಕ ಕೀಲಿಕೈಯಂತೆ, ಪ್ರತಿಯೊಂದು ಫೇಜು ಸಾಮಾನ್ಯವಾಗಿ ಒಂದೇ ಜಾತಿಯ ಬ್ಯಾಕ್ಟೀರಿಯಾವನ್ನು, ಅನೇಕ ವೇಳೆ ಆ ಜಾತಿಯ ಕೆಲವು ಉಪಜಾತಿಗಳನ್ನು ಮಾತ್ರ, ಹಿಡಿಯಬಲ್ಲುದು. ಪ್ರತಿಜೀವಕ ಔಷಧಗಳು ಒಳ್ಳೆಯ ಕೆಟ್ಟ ಬ್ಯಾಕ್ಟೀರಿಯಾಗಳೆರಡನ್ನೂ ಒಟ್ಟಿಗೆ ಕೊಲ್ಲುವುದುಂಟು; ಫೇಜು ತನ್ನ ಗುರಿಯನ್ನು ಬಿಟ್ಟು ಬೇರೊಂದರ ತಂಟೆಗೆ ಹೋಗುವುದಿಲ್ಲ. ಇದು ಅದರ ದೊಡ್ಡ ಗುಣ. ಗುರಿ ಯಾವುದೆಂದು ನಮಗೆ ಮೊದಲೇ ತಿಳಿದಿರಬೇಕಾದುದು ಅದರ ದೊಡ್ಡ ತೊಡಕು. ಮುಂದಿನ ವಿಚಾರವೆಲ್ಲ ಈ ಎರಡು ಮಾತುಗಳ ಸುತ್ತಲೇ ನಡೆಯುವುದು.

ಫೇಜಿನ ಚರಿತ್ರೆಯಲ್ಲಿ ನಮ್ಮ ದೇಶಕ್ಕೆ ಗೌರವದ ಸ್ಥಾನವಿದೆ. ಆಗ್ರಾದಲ್ಲಿ ಸರ್ಕಾರದ ಕೆಲಸದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ವಿಜ್ಞಾನಿ, ಗಂಗಾ ಯಮುನಾ ನದಿಗಳ ನೀರಿಗೆ ಕಾಲರಾ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಶಕ್ತಿಯಿದೆಯೆಂದೂ, ನೀರನ್ನು ಕುದಿಸಿದರೆ ಆ ಶಕ್ತಿ ಹೋಗಿಬಿಡುತ್ತದೆಂದೂ 1896ರಲ್ಲಿ ಪ್ರಕಟಿಸಿದನು. ಅದರ ಕಾರಣ ಆಗ ಯಾರಿಗೂ ಹೊಳೆಯಲಿಲ್ಲ. 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್, 1917ರಲ್ಲಿ ಪ್ಯಾರಿಸ್ಸಿನ ಫೆಲಿಕ್ಸ್ ದೆರೆಲ್ ಇಂಥ ಸಂಗತಿಯನ್ನು ಬೇರೆ ಬೇರೆಯಾಗಿ ಕಂಡರು. ಬ್ಯಾಕ್ಟೀರಿಯೊಫೇಜ್ ಎಂಬ ಹೆಸರನ್ನಿಟ್ಟವನು ದೆರೆಲ್. 1919ರಲ್ಲಿ ಆತನು ರಕ್ತಭೇದಿಯ ರೋಗಿಗಳಿಗೆ ಫೇಜನ್ನು ಕೊಟ್ಟು ನೋಡಿದನು. 1927ರಲ್ಲಿ ಭಾರತಕ್ಕೆ ಬಂದು ಕಾಲರಾ ರೋಗಿಗಳ ಮೇಲೆ ಪರೀಕ್ಷೆ ನಡೆಸಿದನು.

ಆತನ ಬಳಿಕ, ಷಿಲ್ಲಾಂಗಿನ ಪಾಸ್ತರ್ ಸಂಸ್ಥೆಯಲ್ಲಿದ್ದ ಮಾರಿಸನ್ ಎಂಬ ಅಧಿಕಾರಿ ಅಸ್ಸಾಂ ಪ್ರಾಂತದಲ್ಲಿ ದೊಡ್ಡದೊಂದು ಪ್ರಯೋಗವನ್ನು ಕೈಕೊಂಡನು. ನೌಗಾಂಗ್ ಎಂಬ ಸೀಮೆಯಲ್ಲಿ ಕಾಲರಾ ಫೇಜನ್ನು ಊರೂರಿಗೂ ಹಂಚಿ, ಹಬೀಗಂಜ್ ಎಂಬ ಮತ್ತೊಂದು ಸೀಮೆಯನ್ನು ಹೋಲಿಕೆಗಾಗಿ ಬಿಟ್ಟುದು ಇದರ ಕ್ರಮ. ಫೇಜು ಹಂಚಿದಲ್ಲಿ ಕಾಲರಾ ಕಡಮೆಯಾದಂತೆ ಕಂಡಿತು. ಆದರೆ ಕಾಲರಾ ಒಂದು ವರ್ಷ ಏರಿ ಮತ್ತೊಂದು ವರ್ಷ ತಾನಾಗಿ ಇಳಿಯುವ ರೋಗ. ಎರಡು ಸೀಮೆಗಳ ನೀರು, ನೆಲ, ಜನಸಂಚಾರ ಇವು ಒಂದೇ ಸಮನಲ್ಲ. ಆದಕಾರಣ ಇಳಿದುದು ಫೇಜಿನಿಂದಲೋ ಕಾಲಸ್ವಭಾವದಿಂದಲೋ ಎಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ. ವರ್ಷಗಟ್ಟಲೆ ಪಟ್ಟ ಶ್ರಮಕ್ಕೆ ಖಂಡಿತವಾದ ಉತ್ತರ ದೊರೆಯದೆ ಹೋದುದು ಹೋಲಿಕೆಯ ದೋಷದಿಂದ. ಅಷ್ಟರಲ್ಲಿ ಪೆನಿಸಿಲಿನ್ ಮೊದಲಾದ ಔಷಧಗಳು ಬಂದುವು. ಸೋವಿಯತ್ ನಾಡುಗಳಲ್ಲಿ, ಮುಖ್ಯವಾಗಿ 1923ರಲ್ಲಿ ಸ್ಥಾಪಿತವಾದ ಜಾರ್ಜಿಯಾದ ಟಿಬಿಲಿಸಿ ಸಂಸ್ಥೆಯಲ್ಲಿ, ಫೇಜು ಚಿಕಿತ್ಸೆ ಉಳಿಯಿತು. ಉಳಿದೆಡೆಗಳಲ್ಲಿ ಬಹುಮಟ್ಟಿಗೆ ಮರೆತುಹೋಯಿತು.

ಕನ್ನಡನಾಡಿನಲ್ಲಿ ಈ ವಿದ್ಯೆ ಪೂರ್ತಿ ಅಪರಿಚಿತವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ರಾಮಕೃಷ್ಣನ್ ಅವರೂ ಅವರ ಸಹೋದ್ಯೋಗಿಯೂ, ಕ್ಷಯರೋಗಾಣುವಿನ ಹತ್ತಿರದ ಬಂಧುವಾದ ಒಂದು ಬ್ಯಾಕ್ಟೀರಿಯಾದಲ್ಲಿ ಫೇಜು ವಂಶದ್ರವ್ಯವನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವುದನ್ನು 1970ರಲ್ಲಿ ತೋರಿಸಿಕೊಟ್ಟರು. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ದಂಪತಿಗಳೂ ಅವರ ಸಂಗಡಿಗರೂ, ಸಿಗಡಿಮರಿಗಳನ್ನು ಕೊಲ್ಲುವ ವಿಬ್ರಿಯೋ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾದ ಮೇಲೆ ಫೇಜುಗಳನ್ನು ಬಿಟ್ಟು, ಮರಿಗಳು ಹೆಚ್ಚಾಗಿ ಬದುಕುಳಿಯುವುದನ್ನು ಕಂಡು, 2006, 2007ರಲ್ಲಿ ಪ್ರಕಟಿಸಿದರು. ಗಂಗೆಯ ಹೆಸರನ್ನೇ ಹೊತ್ತ ಗಂಗಾಜೆನ್ ಎಂಬ ಬೆಂಗಳೂರಿನ ಸಂಸ್ಥೆ, ಹುಣ್ಣು ಕೀವುಗಳಿಗೆ ಕಾರಣವಾಗುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾದ ವಿರುದ್ಧ ಫೇಜಿನಿಂದ ಪಡೆದ ಪ್ರೋಟೀನನ್ನು ಬೆಳೆಸಿತು. ಮಂಗಳೂರಿನ ಸಿಗಡಿಯ ಉದಾಹರಣೆಯಲ್ಲಿ ಗಮನಿಸತಕ್ಕ ಅಂಶವೊಂದಿದೆ: ಅಲ್ಲಿ ಕೊಲ್ಲುವ ಶತ್ರು ಒಂದೇ, ಅದರ ಹೆಸರು ಗೊತ್ತು, ಅದಕ್ಕೆ ತಕ್ಕ ಫೇಜೂ ಸಿಕ್ಕಿತು.

ಮಲಬದ್ಧತೆಯಲ್ಲಿ ಅಂಥ ಶತ್ರು ಯಾರು? ಇದಕ್ಕೆ ಉತ್ತರ ಹೇಳಬೇಕಾದರೆ ಕರುಳಿನ ವ್ಯಾಪಾರವನ್ನು ಸ್ವಲ್ಪ ನೋಡಬೇಕು. ಸಣ್ಣ ಕರುಳಿನಿಂದ ಬಂದ ತೆಳುವಾದ ಶೇಷದಿಂದ ದೊಡ್ಡ ಕರುಳು ನೀರನ್ನು ಹೀರಿಕೊಳ್ಳುತ್ತ, ಅದನ್ನು ಮೆಲ್ಲನೆ ಮುಂದಕ್ಕೆ ತಳ್ಳುತ್ತದೆ. ತಳ್ಳುವುದು ನಿಧಾನವಾದಷ್ಟೂ ನೀರು ಹೆಚ್ಚಾಗಿ ಇಂಗಿ ಮಲ ಗಟ್ಟಿಯಾಗುತ್ತದೆ. ವಾರಕ್ಕೆ ಮೂರು ಸಲಕ್ಕಿಂತ ಕಡಮೆ ವಿಸರ್ಜನೆ, ನಾಲ್ಕರಲ್ಲಿ ಒಂದು ಸಲಕ್ಕಿಂತ ಹೆಚ್ಚಾಗಿ ತಿಣುಕಬೇಕಾಗುವುದು, ಮಲ ಗಂಟುಗಂಟಾಗಿರುವುದು, ಪೂರ್ತಿ ಆಗಲಿಲ್ಲವೆಂಬ ಭಾವನೆ, ಇಂಥವುಗಳಲ್ಲಿ ಎರಡಾದರೂ 3 ತಿಂಗಳಿಂದ ಇದ್ದು, ತೊಂದರೆ ಮೊದಲಾಗಿ 6 ತಿಂಗಳಾದರೂ ಆಗಿದ್ದರೆ, ಅದನ್ನು ದೀರ್ಘಕಾಲದ ಮಲಬದ್ಧತೆಯೆಂದು ವೈದ್ಯರು ಎಣಿಸುತ್ತಾರೆ.

ಇದರ ಕಾರಣಗಳು ಹಲವು. ನಾರಿಲ್ಲದ ಆಹಾರ, ಕೂತಲ್ಲೇ ಕೂತಿರುವ ಬದುಕು, ಮಲದ ಕರೆಯನ್ನು ತಡೆದುಕೊಳ್ಳುವ ಅಭ್ಯಾಸ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಸಿಹಿಮೂತ್ರ, ಕಬ್ಬಿಣದ ಮಾತ್ರೆಗಳು, ನೋವಿಗೆ ಕೊಡುವ ಅಫೀಮಿನ ಜಾತಿಯ ಔಷಧಗಳು ಇವೆಲ್ಲವೂ ಕಾರಣವಾಗಬಹುದು. ಕೆಲವರಲ್ಲಿ ಕರುಳು ಸರಿಯಾಗಿಯೇ ತಳ್ಳುತ್ತದೆ. ಗುದದ್ವಾರದ ಸ್ನಾಯುಗಳು ಸಡಿಲವಾಗಬೇಕಾದಾಗ ಬಿಗಿಯಾಗುತ್ತವೆ. ಇವರಿಗೆ ಬೇಕಾದುದು ಸ್ನಾಯುಗಳ ಶಿಕ್ಷಣ. ಯಾವ ಫೇಜನ್ನು ನುಂಗಿಸಿದರೂ ಇವರ ಕಷ್ಟ ತೀರಲಾರದು.

ಹಾಗಾದರೆ ಬ್ಯಾಕ್ಟೀರಿಯಾಗಳಿಗೆ ಇಲ್ಲಿ ಪಾತ್ರವೇ ಇಲ್ಲವೆ? ಉಂಟು, ಅದು ಇಬ್ಬಗೆಯದು. ಮಲದ ಘನಪದಾರ್ಥದಲ್ಲಿ ಸುಮಾರು ಅರ್ಧದಷ್ಟು ಬ್ಯಾಕ್ಟೀರಿಯಾಗಳೇ ಇರಬಹುದೆಂದು ಕೇಳಿದರೆ ಆಶ್ಚರ್ಯವಾದೀತು. ಸೊಪ್ಪು, ಕಾಳು, ತೌಡುಗಳ ನಾರನ್ನು ತಿಂದು ಅವು ವೃದ್ಧಿಯಾಗುತ್ತವೆ. ನೀರನ್ನು ತಮ್ಮೊಳಗೆ ಹಿಡಿದಿಟ್ಟುಕೊಂಡು ಮಲಕ್ಕೆ ಗಾತ್ರವನ್ನೂ ಮೃದುತ್ವವನ್ನೂ ಕೊಡುತ್ತವೆ. ಆದುದರಿಂದ ಬ್ಯಾಕ್ಟೀರಿಯಾಗಳನ್ನು ಗುರಿಯಿಲ್ಲದೆ ಕೊಲ್ಲುತ್ತ ಹೋದರೆ ಮಲಬದ್ಧತೆ ಹೆಚ್ಚಿದರೂ ಹೆಚ್ಚೀತು. ಇನ್ನೊಂದು ಕಡೆ, ಕರುಳನ್ನು ನಿಧಾನಗೊಳಿಸುವ ಜೀವಿಗಳೂ ಉಂಟು. ಮೀಥೇನ್ ಅನಿಲ ಕರುಳಿನ ಚಲನೆಯನ್ನು ತಗ್ಗಿಸುತ್ತದೆಂದು ಪ್ರಯೋಗಗಳು ತೋರಿಸಿವೆ. ಮಲಬದ್ಧತೆಯುಳ್ಳ ಕೆಲವರ ಉಸಿರಿನಲ್ಲಿ ಈ ಅನಿಲ ಹೆಚ್ಚಾಗಿ ಕಾಣುತ್ತದೆ. ಲಖ್ನೋವಿನ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ಚಿಕ್ಕದೊಂದು ಪರೀಕ್ಷೆಯಲ್ಲಿ, ರಿಫಾಕ್ಸಿಮಿನ್ ಎಂಬ ಔಷಧದಿಂದ ಮೀಥೇನ್ ತಗ್ಗಿ ಕರುಳಿನ ಚಲನೆ ಚುರುಕಾಯಿತು. ಆದರೆ ಮೀಥೇನನ್ನು ಹೊರಡಿಸುವ ಜೀವಿ ಬ್ಯಾಕ್ಟೀರಿಯಾವೇ ಅಲ್ಲ. ಅದು ಆರ್ಕಿಯಾ ಎಂಬ ಬೇರೊಂದು ಪಂಗಡಕ್ಕೆ ಸೇರಿದುದು. ಬ್ಯಾಕ್ಟೀರಿಯಾದ ಫೇಜು ಅದನ್ನು ಮುಟ್ಟುವುದಿಲ್ಲ. ಕೀಲಿಕೈ ಎಷ್ಟು ಚೆನ್ನಾಗಿದ್ದರೂ ಬೀಗ ಬೇರೆಯಾದರೆ ಬಾಗಿಲು ತೆರೆಯದಷ್ಟೆ.

ಆಶೆಗೆ ಎಡೆಕೊಡುವ ಸಂಗತಿಗಳೂ ಇಲ್ಲದಿಲ್ಲ. ಚೀನದ ನಾನ್‌ಜಿಂಗ್‌ನಲ್ಲಿ ಕರುಳಿನ ಚಲನೆ ನಿಧಾನವಾಗಿದ್ದ 60 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರೋಗ್ಯವಂತರ ಮಲದ ಸೂಕ್ಷ್ಮಜೀವಿಗಳನ್ನು ಶುದ್ಧಪಡಿಸಿ ರೋಗಿಗಳ ಕರುಳಿಗೆ ಸೇರಿಸಿದಾಗ ನೂರಕ್ಕೆ 36.7 ಮಂದಿ ಗುಣಹೊಂದಿದರು. ವಾಡಿಕೆಯ ಚಿಕಿತ್ಸೆ ಮಾತ್ರ ಪಡೆದವರಲ್ಲಿ ನೂರಕ್ಕೆ 13.3 ಮಂದಿ. ಅದೇ ವರ್ಷ ಜರ್ಮನಿಯ ಕೀಲ್ ನಗರದ ವೈದ್ಯರು, ಬೇರೊಂದು ಕರುಳುಬೇನೆಯಿಂದ ನರಳುತ್ತಿದ್ದ 5 ಮಂದಿಗೆ, ಬ್ಯಾಕ್ಟೀರಿಯಾಗಳೆಲ್ಲ ಸೋಸಿಹೋಗುವಂತೆ ಶೋಧಿಸಿದ ಮಲದ ದ್ರವವನ್ನು ಕೊಟ್ಟು ಗುಣಪಡಿಸಿದುದನ್ನು ಪ್ರಕಟಿಸಿದರು. ಸೋಸುಗದಲ್ಲಿ ಹಾದುಹೋಗುವಷ್ಟು ಸಣ್ಣವಾದ ಫೇಜುಗಳು ಆ ದ್ರವದಲ್ಲಿದ್ದುವು. ಗುಣ ಕೊಟ್ಟುದು ಅವೇ ಎಂದು ಇದರಿಂದ ಸಿದ್ಧವಾಗದಿದ್ದರೂ, ವಿಚಾರಮಾಡತಕ್ಕ ಸೂಚನೆಯಂತೂ ಹೌದು.

ಫೇಜುಗಳನ್ನೇ ಬಾಯಿಂದ ಕೊಟ್ಟ ಪರೀಕ್ಷೆಗಳ ಫಲವೇನು? 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 15 ಮಂದಿ ಆರೋಗ್ಯವಂತರು ಟಿ-4 ಫೇಜನ್ನು ನೀರಿನಲ್ಲಿ ಕುಡಿದರು, ಕೇಡೇನೂ ಆಗಲಿಲ್ಲ. ಬಾಂಗ್ಲಾದೇಶದಲ್ಲಿ ಭೇದಿಯಿಂದ ಬಳಲುತ್ತಿದ್ದ 120 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿಯೂ ಫೇಜು ಹಾನಿ ಮಾಡಲಿಲ್ಲ. ಆದರೆ ಭೇದಿಯನ್ನು ಬೇಗ ನಿಲ್ಲಿಸಲೂ ಇಲ್ಲ. ಅಮೆರಿಕದಲ್ಲಿ ಹೊಟ್ಟೆಯ ಸಣ್ಣಪುಟ್ಟ ತೊಂದರೆಗಳಿದ್ದ ಕೆಲವರಿಗೆ ನಾಲ್ಕು ವಾರ ಫೇಜಿನ ಗುಳಿಗೆಗಳನ್ನು ಕೊಟ್ಟು ನೋಡಿದ ಪರೀಕ್ಷೆ 2019ರಲ್ಲಿ ಪ್ರಕಟವಾಯಿತು. ಗುಳಿಗೆ ನಿರಪಾಯಕರವೆಂಬುದು ಅದರ ಮುಖ್ಯ ಫಲಿತಾಂಶ. ನಿರಪಾಯವೆಂಬುದು ಒಂದು ಮಾತು, ಗುಣಕಾರಿಯೆಂಬುದು ಮತ್ತೊಂದು ಮಾತು. ಮಾರುವವರು ಮೊದಲನೆಯದನ್ನು ಹೇಳಿ ಎರಡನೆಯದನ್ನು ಕೊಳ್ಳುವವರ ಊಹೆಗೆ ಬಿಡುವುದುಂಟು.

ಎಲ್ಲ ಫೇಜುಗಳೂ ನಿರಪಾಯಕರವೆಂದೂ ತಿಳಿಯಬಾರದು. ಕೆಲವು ಜಾತಿಗಳು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅದರ ವಂಶದ್ರವ್ಯದೊಳಗೆ ಮನೆಮಾಡಿಕೊಂಡಿರುತ್ತವೆ. ಕಾಲರಾ ಬ್ಯಾಕ್ಟೀರಿಯಾಕ್ಕೆ ಅದರ ಮಾರಕವಾದ ವಿಷವನ್ನು ತಂದುಕೊಟ್ಟದ್ದು ಅಂಥ ಒಂದು ಫೇಜೇ ಎಂದು 1996ರಲ್ಲಿ ಗೊತ್ತಾಯಿತು. ಹಾನಗಲ್ಲಿನ ಆನೆಕೆರೆಯಲ್ಲಿಯೇ ಆಗಲಿ, ವರದಾ ನದಿಯಲ್ಲಿಯೇ ಆಗಲಿ, ಒಂದು ಹನಿ ನೀರಿನಲ್ಲಿ ಅಸಂಖ್ಯಾತ ಫೇಜುಗಳಿರುತ್ತವೆ. ಆದಮಾತ್ರಕ್ಕೆ ಆ ನೀರು ಔಷಧವಾಗುವುದಿಲ್ಲ. ಕೊಲ್ಲುವ ಜಾತಿಯನ್ನೇ ಆರಿಸಿ, ಅದರ ವಂಶದ್ರವ್ಯವನ್ನು ಪೂರ್ತಿಯಾಗಿ ಓದಿ, ಬ್ಯಾಕ್ಟೀರಿಯಾಗಳ ವಿಷಾಂಶಗಳು ಉಳಿಯದಂತೆ ಶುದ್ಧಪಡಿಸಿದ ಬಳಿಕವೇ ಅದು ಮನುಷ್ಯನ ಬಾಯಿಗೆ ಯೋಗ್ಯ.

ಇಷ್ಟೆಲ್ಲ ತಿಳಿದಮೇಲೆ, ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಪರೀಕ್ಷೆ ನಡೆಸುವುದಾದರೆ ಅದರ ಕ್ರಮ ಹೇಗಿರಬೇಕೆಂದು ಊಹಿಸಿ ನೋಡೋಣ. ಈ ತಾಲ್ಲೂಕುಗಳನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಇವು ಒಂದಕ್ಕೊಂದು ಹತ್ತಿರವಾಗಿದ್ದರೂ ಊಟದಲ್ಲಿ ಒಂದೇ ಅಲ್ಲ. ಹಾನಗಲ್ಲು ಮಲೆನಾಡಿನ ಸೆರಗಿನಲ್ಲಿದೆ. ಅಲ್ಲಿ ಮಳೆ ಹೆಚ್ಚು, ಬತ್ತದ ಗದ್ದೆಗಳು ಹೆಚ್ಚು. ವೀಳ್ಯದೆಲೆಗೆ ಹೆಸರಾದ ಸವಣೂರಿನ ಕಡೆ ಬಯಲುಸೀಮೆಯ ಜೋಳದ ರೊಟ್ಟಿ, ಕಾಳಿನ ಪಲ್ಲೆಗಳ ಊಟ. ಶಿಗ್ಗಾಂವಿಯಲ್ಲಿ ಎರಡೂ ಬೆರೆತಿವೆ. ಹಿರೇಕೆರೂರಿನ ಹೊಲಗಳಲ್ಲಿ ಗೋವಿನಜೋಳ ಬಹಳ. ರೊಟ್ಟಿಯುಣ್ಣುವವನ ಕರುಳಿಗೂ ಪಾಲಿಷ್ ಮಾಡಿದ ಅಕ್ಕಿಯ ಅನ್ನ ಉಣ್ಣುವವನ ಕರುಳಿಗೂ ಬೀಳುವ ನಾರು ಒಂದೇ ಅಳತೆಯದಲ್ಲ. ಅವರ ಕರುಳಿನ ಬ್ಯಾಕ್ಟೀರಿಯಾಗಳೂ ಒಂದೇ ಆಗಿರಲಾರವು.

ಈಗ ಅಸ್ಸಾಮಿನ ರೀತಿಯಲ್ಲಿ ಸವಣೂರಿಗೆ ಫೇಜು ಹಂಚಿ ಹಾನಗಲ್ಲನ್ನು ಹೋಲಿಕೆಗೆ ಬಿಟ್ಟರೆ ಏನಾಗುವುದು? ಸವಣೂರಿನಲ್ಲಿ ಗುಣ ಹೆಚ್ಚು ಕಂಡರೆ ಅದು ಫೇಜಿನ ಫಲವೋ ರೊಟ್ಟಿಯ ಫಲವೋ ಹೇಳಲು ಬಾರದು. ಇದಕ್ಕೆ ಪರಿಹಾರವೂ ಹಳೆಯದೇ. 1898ರಲ್ಲಿ ಬಡೋದೆ ಸಂಸ್ಥಾನದ ಉಂಢೇರಾ ಎಂಬ ಹಳ್ಳಿಯಲ್ಲಿ ಪ್ಲೇಗಿನ ಲಸಿಕೆಯನ್ನು ಪರೀಕ್ಷಿಸಿದ ಹಾಫ್ಕಿನ್, ಒಂದೊಂದು ಮನೆಯಲ್ಲಿಯೂ ಕೆಲವರಿಗೆ ಲಸಿಕೆ ಹಾಕಿ ಕೆಲವರನ್ನು ಬಿಟ್ಟನು. ಒಂದೇ ಸೂರು, ಒಂದೇ ಒಲೆ, ಒಂದೇ ಬಾವಿ. ಉಳಿದ ಭೇದ ಲಸಿಕೆಯದು ಮಾತ್ರ. ಅದರಂತೆಯೇ ನಾಲ್ಕು ತಾಲ್ಲೂಕುಗಳಲ್ಲಿ ಪ್ರತಿಯೊಂದರೊಳಗೂ ರೋಗಿಗಳನ್ನು ಚೀಟಿಯೆತ್ತಿ ಎರಡು ಪಂಗಡ ಮಾಡಬೇಕು. ಒಂದಕ್ಕೆ ಫೇಜಿನ ಗುಳಿಗೆ, ಇನ್ನೊಂದಕ್ಕೆ ನೋಟದಲ್ಲಿಯೂ ರುಚಿಯಲ್ಲಿಯೂ ಅದರಂತೆಯೇ ಇರುವ ಬರಿಯ ಗುಳಿಗೆ. ಯಾರಿಗೆ ಯಾವುದು ಹೋಯಿತೆಂಬುದು ಪರೀಕ್ಷೆ ಮುಗಿಯುವವರೆಗೆ ರೋಗಿಗೂ ತಿಳಿಯಬಾರದು, ವೈದ್ಯನಿಗೂ ತಿಳಿಯಬಾರದು. ಮಲಬದ್ಧತೆಯಲ್ಲಿ ಔಷಧ ನುಂಗಿದೆನೆಂಬ ನಂಬಿಕೆಯಿಂದಲೇ ಗಣನೀಯವಾದಷ್ಟು ಜನರಿಗೆ ಗುಣ ತೋರುವುದರಿಂದ ಈ ಕಟ್ಟುನಿಟ್ಟು ಅನಿವಾರ್ಯ.

ಚೀಟಿಯೆತ್ತುವುದಕ್ಕೆ ಮೊದಲು ಆಗಬೇಕಾದ ಕೆಲಸ ಇನ್ನೂ ದೊಡ್ಡದು. ಥೈರಾಯ್ಡ್, ಔಷಧ, ಸ್ನಾಯುಗಳ ಬಿಗಿ ಇವುಗಳಿಂದ ಕಷ್ಟಪಡುವವರನ್ನು ಬೇರ್ಪಡಿಸಬೇಕು. ಉಳಿದವರ ಮಲವನ್ನು ಪರೀಕ್ಷಿಸಿ, ಫೇಜು ಹಿಡಿಯಬಲ್ಲ ಬ್ಯಾಕ್ಟೀರಿಯಾ ಅವರಲ್ಲಿ ಇದೆಯೇ, ಮಲಬದ್ಧತೆಯಿಲ್ಲದ ನೆರೆಹೊರೆಯವರಿಗಿಂತ ಅದು ಹೆಚ್ಚಾಗಿದೆಯೇ ಎಂದು ನೋಡಬೇಕು. ಇಲ್ಲವೆಂದಾದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸುವುದು ಪ್ರಾಮಾಣಿಕತೆ. ಇದೆಯೆಂದಾದರೆ, ಪ್ರತಿಯೊಬ್ಬರೂ ದಿನವಹಿ ಬರೆದಿಡಬೇಕು: ಎಷ್ಟು ಸಲ, ತಿಣುಕಬೇಕಾಯಿತೆ, ಮಲದ ರೂಪ ಹೇಗಿತ್ತು. ರೂಪವನ್ನು ಗುರುತಿಸಲು ಬ್ರಿಸ್ಟಲ್ ನಗರದ ವೈದ್ಯರು ಬಳಕೆಗೆ ತಂದ ಏಳು ಚಿತ್ರಗಳ ಪಟ್ಟಿಯಿದೆ. ಅಕ್ಷರ ಬಾರದವರೂ ಅದನ್ನು ಬೆರಳಿಟ್ಟು ತೋರಿಸಬಲ್ಲರು. ಎಕ್ಸ್-ಕಿರಣದಲ್ಲಿ ಕಾಣುವ ಚಿಕ್ಕ ಗುರುತುಗಳನ್ನು ನುಂಗಿಸಿ, ಅವು ಎಷ್ಟು ದಿನಕ್ಕೆ ಹೊರಬೀಳುವುವೆಂದು ನೋಡಿದರೆ ಕರುಳಿನ ವೇಗವೂ ತಿಳಿಯುವುದು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಚೌಕಟ್ಟೂ ಉಂಟು. ಪರೀಕ್ಷೆಗಳನ್ನು ಮೊದಲೇ ದಾಖಲುಮಾಡುವ ರಾಷ್ಟ್ರೀಯ ಪಟ್ಟಿ 2007ರಲ್ಲಿ ಆರಂಭವಾಯಿತು. 2019ರ ನಿಯಮಗಳು ನೀತಿಸಮಿತಿಯ ಒಪ್ಪಿಗೆ, ರೋಗಿಯ ಸಮ್ಮತಿ, ಪರೀಕ್ಷೆಯಿಂದ ಹಾನಿಯಾದವರಿಗೆ ಪರಿಹಾರ ಇವುಗಳನ್ನು ವಿಧಿಸುತ್ತವೆ. ಸಮ್ಮತಿಯೆಂದರೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಷ್ಟೇ ಅಲ್ಲ. ಬರಿಯ ಗುಳಿಗೆ ತನ್ನ ಪಾಲಿಗೆ ಬರಬಹುದೆಂಬುದೂ, ಇಷ್ಟವಿಲ್ಲದಾಗ ಬಿಟ್ಟುಹೋಗಬಹುದೆಂಬುದೂ ರೋಗಿಗೆ ಆತನ ಮಾತಿನಲ್ಲಿಯೇ ತಿಳಿದಿರಬೇಕು.

ಇಂಥ ಪರೀಕ್ಷೆಯಿಂದ ಫೇಜು ನಿಷ್ಪ್ರಯೋಜಕವೆಂದು ತಿಳಿದರೆ ನಷ್ಟವೇನೂ ಇಲ್ಲ. ಸಾವಿರಾರು ಜನರ ಹಣವೂ ನಿರೀಕ್ಷೆಯೂ ಉಳಿದಂತೆ. ಉಪಯುಕ್ತವೆಂದು ತಿಳಿದರೆ, ಯಾರಿಗೆ, ಎಷ್ಟು, ಯಾವ ಬ್ಯಾಕ್ಟೀರಿಯಾದ ವಿರುದ್ಧ ಎಂಬುದೂ ಅದರೊಡನೆಯೇ ತಿಳಿಯುತ್ತದೆ. ಪರೀಕ್ಷೆಯಿಲ್ಲದೆ ಕೊಳ್ಳುವವನಿಗೆ ಈ ಎರಡರಲ್ಲಿ ಯಾವುದೂ ದೊರೆಯದು.

ಅಲ್ಲಿಯವರೆಗೆ ಕೈಯಲ್ಲಿರುವ ಉಪಾಯಗಳು ಅಲ್ಪವಲ್ಲ. ಅಮೆರಿಕದ ಜಠರವೈದ್ಯರ ಸಂಘಗಳು 2023ರಲ್ಲಿ ಹೊರಡಿಸಿದ ಸಲಹೆಗಳಲ್ಲಿ ಫೇಜಿಗೆ ಸ್ಥಳವಿಲ್ಲ. ನಾರು, ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿ, ನಮ್ಮ ಸೋನಾಮುಖಿ ಇವುಗಳಿಗೆ ಇದೆ. ಇಸಬ್‌ಗೋಲಿನ ಸಿಪ್ಪೆಯನ್ನು ಧಾರಾಳವಾಗಿ ನೀರು ಸೇರಿಸಿ ಕುಡಿಯುವುದು, ಜೋಳದ ರೊಟ್ಟಿ, ಸೊಪ್ಪು, ಕಾಳು, ಹಣ್ಣುಗಳನ್ನು ಮೆಲ್ಲಮೆಲ್ಲನೆ ಹೆಚ್ಚಿಸುವುದು, ಬೆಳಗಿನ ಆಹಾರದ ಬಳಿಕ ಅವಸರವಿಲ್ಲದೆ ಕುಳಿತುಕೊಳ್ಳುವುದು, ಕರೆ ಬಂದಾಗ ತಡೆಯದಿರುವುದು ಇವು ಎಲ್ಲರಿಗೂ ಸಾಧ್ಯ. ಶೌಚಾಲಯವಿಲ್ಲದ, ಇದ್ದರೂ ನೀರಿಲ್ಲದ ಕಡೆ ಕತ್ತಲಾಗುವವರೆಗೆ ತಡೆದುಕೊಳ್ಳುವ ಹೆಂಗಸರಿಗೂ, ಶಾಲೆಯಲ್ಲಿ ಸಂಜೆಯವರೆಗೆ ತಡೆದುಕೊಳ್ಳುವ ಮಕ್ಕಳಿಗೂ ಯಾವ ಗುಳಿಗೆಗಿಂತಲೂ ಮೊದಲು ಬೇಕಾದುದು ಬಾಗಿಲೂ ನೀರೂ ಇರುವ ಒಂದು ಕೋಣೆ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ನಡುವಯಸ್ಸು ದಾಟಿದಮೇಲೆ ಮಲಪ್ರವೃತ್ತಿ ಹೊಸದಾಗಿ ಬದಲಾದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದರೆ, ಅಂಗಡಿಯ ಮದ್ದನ್ನು ಬಿಟ್ಟು ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.

ಫೇಜು ಚಿಕಿತ್ಸೆಯನ್ನು ನಾವು ತಿರಸ್ಕರಿಸುವುದಿಲ್ಲ. ಪ್ರತಿಜೀವಕ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಅದಕ್ಕೆ ದೊಡ್ಡ ಕೆಲಸ ಕಾದಿದೆ. ಅದು ಗುರಿಯನ್ನು ಬಿಟ್ಟು ಸುಳಿಯದ ಬಾಣ. ಮಲಬದ್ಧತೆಯಲ್ಲಿ ಆ ಗುರಿ ಯಾವುದೆಂಬುದನ್ನು ಮೊದಲು ಕಂಡುಹಿಡಿಯುವುದು ವಿಜ್ಞಾನಿಗಳ ಹೊಣೆ. ಅದು ತಿಳಿಯುವ ಮೊದಲೇ ಮಾರಾಟಕ್ಕೆ ಬಂದ ಬಾಣಕ್ಕೆ ಬೆಲೆ ತೆರದಿರುವುದು ನಮ್ಮೆಲ್ಲರ ವಿವೇಕ.